ಐದೂರು ಸುತ್ತಿ ಎದ್ದ ಕಾಂಟೆಸ್ಸಾ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಆರು ತಾಲೂಕುಗಳಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಈ ಐದೇ. ದೂರದಿಂದ ಬಂದವರು ಹಂಪಿ ನೋಡುತ್ತಾರೆ, ತುಂಗಭದ್ರಾ ಅಣೆಕಟ್ಟು ನೋಡುತ್ತಾರೆ, ಅಲ್ಲಿಂದಲೇ ಹಿಂದಿರುಗುತ್ತಾರೆ. ಈ ಐದೂರುಗಳ ಕಡೆ ಬರುವವರು ಹೆಚ್ಚಾಗಿ ಜಾತ್ರೆಗೆ, ಸಂತೆಗೆ, ಇಲ್ಲವೇ ಬಂಧುಗಳ ಮದುವೆಗೆ ಬರುವವರು. ನಾನು 2025ರಲ್ಲಿ ರಜೆ ಸಿಕ್ಕಾಗಲೆಲ್ಲ ಇಲ್ಲಿ ಸುತ್ತಿದ್ದು ಬೇರೆಯೇ ಕಾರಣಕ್ಕೆ. ನಮ್ಮ ಆಪಾಳ ಮಗ ತನ್ನ ತಂದೆಯ ಹಳೆಯ ಕಾಂಟೆಸ್ಸಾ ಕಾರನ್ನು ಮತ್ತೆ ರಸ್ತೆಗೆ ಇಳಿಸಬೇಕೆಂದು ಹಟ ಹಿಡಿದಿದ್ದ. ಅವನ ಕೈಯಲ್ಲಿದ್ದದ್ದು ಒಂದೂವರೆ ಲಕ್ಷ ರೂಪಾಯಿ. ಅದರ ಮೇಲೆ ಒಂದು ರೂಪಾಯಿಯೂ ಸಾಲ ಮಾಡಕೂಡದೆಂಬುದು ಮನೆಯವರ ಷರತ್ತು. ಲೆಕ್ಕ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು.

ಕಾರಿನ ಬಗ್ಗೆ ಮೊದಲು ನಾಲ್ಕು ಮಾತು. ಅಮೆರಿಕದಲ್ಲಿ 'ಮಸಲ್ ಕಾರ್' ಎಂಬ ಒಂದು ಜಾತಿಯ ಕಾರುಗಳಿವೆ. 1964ರಲ್ಲಿ ಪಾಂಟಿಯಾಕ್ ಕಂಪೆನಿ ತನ್ನ ಮಧ್ಯಮ ಗಾತ್ರದ ಕಾರಿಗೆ 6.4 ಲೀಟರಿನ ದೊಡ್ಡ ಎಂಜಿನ್ ಕೂರಿಸಿ ಜಿಟಿಓ ಎಂಬ ಹೆಸರಿನಲ್ಲಿ ಮಾರಿತು. ಅದರ ಶಕ್ತಿ 325 ಅಶ್ವಶಕ್ತಿ. ಕಡಿಮೆ ಬೆಲೆಗೆ ಹೆಚ್ಚು ವೇಗ ಬಯಸುವ ಹುಡುಗರಿಗಾಗಿ ಮಾಡಿದ ಕಾರು ಅದು. 1973ರಲ್ಲಿ ತೈಲ ಬಿಕ್ಕಟ್ಟು ಬಂದಾಗ ಆ ಭರಾಟೆ ಇಳಿಯಿತು. ನಮ್ಮ ದೇಶದಲ್ಲಿ ಅಂಥ ಕಾರು ತಯಾರಾಗಲೇ ಇಲ್ಲ. ಉದ್ದ ಬಾನೆಟ್ಟು, ಅಗಲವಾದ ಮೈ, ಹಿಂದಿನ ಚಕ್ರಗಳಿಗೆ ಎಳೆತ ಇದ್ದ ಒಂದೇ ಕಾರಣಕ್ಕೆ ಕಾಂಟೆಸ್ಸಾಕ್ಕೆ ಆ ಹೆಸರು ಅಂಟಿಕೊಂಡಿತು. ಅಂಬಾಸಿಡರ್ ತಯಾರಿಸುತ್ತಿದ್ದ ಹಿಂದುಸ್ತಾನ್ ಮೋಟಾರ್ಸ್ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನ ವಿನ್ಯಾಸ ತಂದು 1984ರಲ್ಲಿ ಇದನ್ನು ಮಾರುಕಟ್ಟೆಗೆ ಬಿಟ್ಟಿತು. ಮೊದಲು ಅದರೊಳಗೆ ಇದ್ದದ್ದು ಅಂಬಾಸಿಡರಿನದೇ 1.5 ಲೀಟರ್ ಎಂಜಿನ್. ಅಷ್ಟು ಭಾರದ ಕಾರನ್ನು ಎಳೆಯಲು ಅದು ಏದುಸಿರು ಬಿಡುತ್ತಿತ್ತು. ಮುಂದೆ ಜಪಾನಿನ ಇಸುಝು ಕಂಪೆನಿಯ 1.8 ಲೀಟರ್ ಎಂಜಿನ್ ಬಂದ ಮೇಲೆ ಮರ್ಯಾದೆ ಉಳಿಯಿತು. ಅದರ ಶಕ್ತಿಯೂ 90 ಅಶ್ವಶಕ್ತಿಯ ಒಳಗೇ. ಇಂದಿನ ಸಾಧಾರಣ ಸಣ್ಣ ಕಾರುಗಳೂ ಆ ಮಟ್ಟಕ್ಕೆ ಬಂದಿವೆ. 2002ರಲ್ಲಿ ತಯಾರಿಕೆ ನಿಂತಿತು.

ಕೂಡ್ಲಿಗಿ: ಮೊದಲು ಪಾಲು, ಆಮೇಲೆ ಪಾನಾ

ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು ಕೂಡ್ಲಿಗಿ. ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕ ಇರುವ ಊರು. ಸುತ್ತಲೂ ಕೆಂಪು ಮಣ್ಣು, ಕಲ್ಲು ಗುಡ್ಡ, ಮಳೆ ನಂಬಿದ ಶೇಂಗಾ, ಮೆಕ್ಕೆಜೋಳದ ಹೊಲಗಳು. ಗಣಿಯ ಭರಾಟೆಯ ವರ್ಷಗಳಲ್ಲಿ ಹೊಸಪೇಟೆ ಸೀಮೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳು ಸಾಲು ಹಿಡಿದಿರುತ್ತಿದ್ದವು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ ಲಾರಿಗಳು ನಿಂತವು. ಅವನ್ನೇ ನಂಬಿದ್ದ ಚಾಲಕರು, ಮೆಕ್ಯಾನಿಕರು ಬೇರೆ ದಾರಿ ಹುಡುಕಬೇಕಾಯಿತು.

ನಮ್ಮ ಭಾವ ಹೊಸಪೇಟೆಯ ಒಬ್ಬ ಸಾಹುಕಾರರ ಬಳಿ ಕಾರು ಚಾಲಕರಾಗಿದ್ದರು. ಸಾಹುಕಾರರು ಹೊಸ ಗಾಡಿ ಕೊಂಡಾಗ 1996ರ ಮಾಡೆಲ್ಲಿನ ಕಾಂಟೆಸ್ಸಾವನ್ನು ಅಗ್ಗಕ್ಕೆ ಇವರಿಗೇ ಬಿಟ್ಟುಕೊಟ್ಟರು. ಅದನ್ನು ಅವರು ಮಗುವಿನಂತೆ ನೋಡಿಕೊಂಡರು. 2021ರ ಆರಂಭದಲ್ಲಿ ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ನವೀಕರಿಸಿಕೊಂಡು ಬಂದಿದ್ದರು. ಅದೇ ವರ್ಷ ಕೊರೋನಾದ ಎರಡನೇ ಅಲೆಯಲ್ಲಿ ತೀರಿಕೊಂಡರು. ಕಾರು ಮನೆ ಮುಂದಿನ ಬೇವಿನ ಮರದ ಕೆಳಗೆ ನಿಂತದ್ದು ಅಲ್ಲೇ ಉಳಿಯಿತು. ನಾಲ್ಕು ಮಳೆಗಾಲ ಕಳೆದವು. ಟೈರುಗಳು ನೆಲಕ್ಕೆ ಅಂಟಿದವು, ಎಂಜಿನ್ ಹಿಡಿದುಕೊಂಡಿತು, ಡಿಕ್ಕಿಯಲ್ಲಿ ಕೋಳಿ ಕಾವು ಕೂತಿತು.

ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳಿದರು. ಮೂವರಲ್ಲಿ ಹೆಚ್ಚು ಹೇಳಿದವರು 28,000 ರೂಪಾಯಿ ಹೇಳಿದರು. ಆಪಾ ಕೊಡಲು ಸಿದ್ಧಳಿದ್ದಳು. "ನೋಡಿದಾಗಲೆಲ್ಲ ಹೊಟ್ಟೆ ಉರೀತೈತಿ ತಮ್ಮಾ, ಹೋಗ್ಲಿ ಬಿಡು" ಎಂದಳು. ಐಟಿಐ ಮುಗಿಸಿ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ ಹುಡುಗ ಮಾತ್ರ, "ಮಾಮೂ, ಅಬ್ಬಾನ ಗಾಡಿ ಗುಜರಿಗೆ ಹಾಕಬ್ಯಾಡ್ರಿ. ನಾನು ಎಬ್ಬಿಸ್ತೀನಿ" ಎಂದು ಕೂತ.

ಆಗ ನಾನು ಕೇಳಿದ ಮೊದಲ ಪ್ರಶ್ನೆ ಎಂಜಿನ್ನಿನದಲ್ಲ, ಕಾರು ಯಾರದು ಎಂಬುದು. ತಂದೆ ಬಿಟ್ಟುಹೋದ ವಸ್ತು ಮಗನೊಬ್ಬನದಲ್ಲ. ಕಾರು ಗಂಡಸರ ವಸ್ತು ಎಂಬ ಭಾವನೆಯಲ್ಲಿ ಹೆಣ್ಣುಮಕ್ಕಳ ಪಾಲು ಎಷ್ಟೋ ಮನೆಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಭಾವನ ತಂದೆತಾಯಿ ಮೊದಲೇ ತೀರಿಕೊಂಡಿದ್ದರು, ಸಾಲವೂ ಉಳಿದಿರಲಿಲ್ಲ. ಆದ್ದರಿಂದ ಹಂಚಿಕೆ ಸರಳ. ಪತ್ನಿಗೆ ಎಂಟನೇ ಒಂದು ಭಾಗ, ಉಳಿದದ್ದರಲ್ಲಿ ಮಗನಿಗೆ ಎರಡು ಪಾಲು, ಇಬ್ಬರು ಹೆಣ್ಣುಮಕ್ಕಳಿಗೆ ತಲಾ ಒಂದು ಪಾಲು. 28,000ದಲ್ಲಿ ಆಪಾಗೆ 3,500, ಹೆಣ್ಣುಮಕ್ಕಳಿಗೆ 6,125ರಂತೆ, ಹುಡುಗನಿಗೆ 12,250. ಅಂದರೆ ಒಂದು ನಟ್ಟು ಬಿಚ್ಚುವ ಮೊದಲೇ ಅವನು 15,750 ರೂಪಾಯಿ ಎಣಿಸಬೇಕು.

ಪಿಯುಸಿ ಓದುತ್ತಿದ್ದ ಕಿರಿಯ ಮಗಳು ಸಂಕೋಚದಿಂದ, "ಭಾಯಿಯ ಹತ್ತಿರ ನಾನು ಪಾಲು ಇಸ್ಕೊಳ್ಳೋದಾ ಮಾಮೂ?" ಎಂದಳು. "ಇಸ್ಕೋ, ಬೇಡವೆನಿಸಿದರೆ ಆಮೇಲೆ ನಿನ್ನ ಕೈಯಿಂದ ಕೊಡು. ಕೈಗೆ ಬಾರದ್ದನ್ನು ಬಿಟ್ಟುಕೊಟ್ಟೆ ಅನ್ನೋದಕ್ಕೆ ಅರ್ಥವಿಲ್ಲ" ಎಂದೆ. ಅವಳು ತೆಗೆದುಕೊಂಡಳು. ವಾಪಸು ಕೊಡಲಿಲ್ಲ, ಕಾಲೇಜಿನ ಫೀಸು ಕಟ್ಟಿದಳು. ಅದು ನನಗೆ ಹಿಡಿಸಿತು. ಹರಪನಹಳ್ಳಿಗೆ ಕೊಟ್ಟ ಹಿರಿಯವಳಿಗೂ ಹಣ ತಲುಪಿತು. ಬಳಿಕ ವಾರಸುದಾರರ ಹೆಸರಿಗೆ ವರ್ಗಾಯಿಸುವ 31ನೇ ನಮೂನೆಯ ಅರ್ಜಿ ತುಂಬಿ, ಎಲ್ಲರ ಒಪ್ಪಿಗೆಯ ಸಹಿ ಪಡೆದು ಆರ್‌ಟಿಓ ಕಚೇರಿಗೆ ಕೊಟ್ಟೆವು.

ಕೊಟ್ಟೂರು: ಓಡುವುದಕ್ಕಿಂತ ಮೊದಲು ನಿಲ್ಲುವುದು

ಕೊಟ್ಟೂರು ಬಸವೇಶ್ವರ ಸ್ವಾಮಿಯ ಊರು. ರಥೋತ್ಸವದ ದಿನಗಳಲ್ಲಿ ನಾಡಿನ ಮೂಲೆ ಮೂಲೆಯಿಂದ ಜನ ನಡೆದುಕೊಂಡೇ ಬರುತ್ತಾರೆ. ಕೆಲವು ವರ್ಷಗಳ ಹಿಂದಷ್ಟೇ ಕೂಡ್ಲಿಗಿಯಿಂದ ಬೇರೆಯಾಗಿ ತಾಲೂಕು ಆಯಿತು. ಇಲ್ಲಿನ ಮಂಡಕ್ಕಿ, ಮಿರ್ಚಿ ತಿನ್ನದೆ ಊರು ದಾಟುವವರು ಕಡಿಮೆ. ಆ ಪೊಟ್ಟಣ ಹಿಡಿದುಕೊಂಡೇ ನಾವು ಒಬ್ಬ ಹಿರಿಯ ಮೆಕ್ಯಾನಿಕರ ಗ್ಯಾರೇಜಿಗೆ ಹೋದೆವು. ಅಂಬಾಸಿಡರ್, ಫಿಯೆಟ್, ಜೀಪುಗಳ ಕಾಲದವರು. ಅವರನ್ನು ಎಲ್ಲರೂ 'ಉಸ್ತಾದ್' ಎನ್ನುತ್ತಾರೆ.

ಮದ್ರಸದಲ್ಲಿ ನಾವು ಗುರುಗಳನ್ನು ಕರೆಯುತ್ತಿದ್ದದ್ದೂ ಇದೇ ಹೆಸರಿನಿಂದ. ಗ್ಯಾರೇಜಿನ ಉಸ್ತಾದರದ್ದೂ ಪಾಠವೇ. ಪುಸ್ತಕವಿಲ್ಲ, ಕರಿಹಲಗೆಯಿಲ್ಲ. ಮುಂದೆ ಕೂತು ನೋಡು, ಕೈಗೆ ಪಾನಾ ಕೊಡು, ತಪ್ಪಿದರೆ ಬೈಸಿಕೋ. ಈ ಪದ್ಧತಿಗೆ ಕಪ್ಪು ಬದಿಯೂ ಇತ್ತೆಂಬುದನ್ನು ಶಿಕ್ಷಕನಾಗಿ ನಾನು ಮರೆಯಲಾರೆ. ಹತ್ತು ಹನ್ನೆರಡು ವರ್ಷಕ್ಕೇ ಶಾಲೆ ಬಿಟ್ಟು ಗ್ರೀಸು ಮೆತ್ತಿಕೊಂಡ ಹುಡುಗರು ನಮ್ಮ ಸಮುದಾಯದಲ್ಲಿ ಎಷ್ಟೋ ಮಂದಿ. ಈಗ ಆ ವಯಸ್ಸಿನವರು ಶಾಲೆಯಲ್ಲಿದ್ದಾರೆ, ಇರಬೇಕಾದ್ದೂ ಅಲ್ಲೇ. ಆದರೆ ಓದು ಮುಗಿಸಿದ ಮೇಲೂ ಯಾರೂ ಈ ವಿದ್ಯೆಯ ಕಡೆ ತಿರುಗುತ್ತಿಲ್ಲ. 2000ದ ಆಸುಪಾಸಿನಿಂದ ಹೊಸ ಕಾರುಗಳಲ್ಲಿ ಕಾರ್ಬುರೇಟರ್ ಮಾಯವಾಯಿತು. ಈಗ ಕಂಪ್ಯೂಟರ್ ಹಚ್ಚಿ ದೋಷ ಹುಡುಕುತ್ತಾರೆ. ಎಂಜಿನ್ನಿಗೆ ಕಿವಿಗೊಟ್ಟು ರೋಗ ಹೇಳುವವರು ಈ ಉಸ್ತಾದರ ತಲೆಮಾರಿಗೆ ಮುಗಿಯಬಹುದು.

ಹುಡುಗ ಬಣ್ಣದ ಮಾತು ತೆಗೆದ. ಕಪ್ಪು ಬಣ್ಣ, ಅಗಲ ಟೈರು, ಗುಡುಗುವ ಸೈಲೆನ್ಸರು. ಉಸ್ತಾದರು ಎಲ್ಲ ಕೇಳಿಸಿಕೊಂಡು, "ಮೊದಲು ಗಾಡಿಗೆ ನಿಲ್ಲೋದು ಕಲಿಸೋಣಪ್ಪ. ಆಮೇಲೆ ಓಡೋದು. ಚೆಂದ ಕಾಣೋದು ಕಡೀಗೆ" ಎಂದರು. ಆ ಒಂದು ಮಾತು ನಮ್ಮ ಇಡೀ ಬಜೆಟ್ಟಿನ ಕ್ರಮವಾಯಿತು. ಮೊದಲು ಬ್ರೇಕು, ಸ್ಟೇರಿಂಗು, ಟೈರು. ನಂತರ ಎಂಜಿನ್, ರೇಡಿಯೇಟರ್, ವೈರಿಂಗ್. ಅದಾದ ಮೇಲೆ ತಳದ ತಗಡು. ಬಣ್ಣ ಹಣ ಉಳಿದರೆ ಮಾತ್ರ. ಹಳೆ ಗಾಡಿ ಎಬ್ಬಿಸಲು ಹೊರಟು ಅರ್ಧಕ್ಕೆ ಬಿಡುವವರಲ್ಲಿ ಹೆಚ್ಚಿನವರು ಈ ಕ್ರಮವನ್ನು ತಲೆಕೆಳಗು ಮಾಡಿದವರೇ ಎಂದು ಉಸ್ತಾದರು ಹೇಳಿದರು. ಬಣ್ಣಕ್ಕೆ ಹಣ ಸುರಿದು, ಎಂಜಿನ್ನಿಗೆ ಕೈ ಬರಿದಾಗಿ, ಹೊಳೆಯುವ ಗಾಡಿಯನ್ನೇ ಗುಜರಿಗೆ ಕೊಟ್ಟವರನ್ನು ಅವರು ಕಂಡಿದ್ದರು.

ಒಂದು ಶುಕ್ರವಾರ ಮಧ್ಯಾಹ್ನದ ನಮಾಝಿನ ನಂತರ ಅವರೇ ಬೇವಿನ ಮರದ ಬಳಿ ಬಂದರು. ಯಾರೂ ಸೆಲ್ಫ್ ಹೊಡೆಯಕೂಡದು ಎಂದರು. ನಾಲ್ಕೂ ಪ್ಲಗ್ ಬಿಚ್ಚಿ, ಸಿಲಿಂಡರುಗಳೊಳಗೆ ಸ್ವಲ್ಪ ಸ್ವಲ್ಪ ಆಯಿಲ್ ಇಳಿಸಿ ಎರಡು ದಿನ ಬಿಟ್ಟರು. ಮೂರನೇ ದಿನ ಪಾನಾ ಹಾಕಿ ಕೈಯಿಂದಲೇ ಹಿಂದೆ ಮುಂದೆ ಅಲುಗಾಡಿಸುತ್ತ ಎಂಜಿನ್ ಬಿಡಿಸಿದರು. ಹಿಡಿದುಕೊಂಡ ಎಂಜಿನ್ನಿಗೆ ಒಮ್ಮೆಲೇ ಬ್ಯಾಟರಿಯ ಬಲ ಕೊಟ್ಟರೆ ಒಳಗಿನ ರಿಂಗು ಮುರಿದು ಸಿಲಿಂಡರ್ ಗೀರುತ್ತದಂತೆ. ಎರಡು ದಿನ ಕಾದದ್ದರಿಂದ ಸಾವಿರಾರು ರೂಪಾಯಿ ಉಳಿಯಿತು.

ಹಗರಿಬೊಮ್ಮನಹಳ್ಳಿ: ಗೋಣಿಚೀಲದಲ್ಲಿ ಎಂಜಿನ್

ಬಿಡಿಸಿ ನೋಡಿದಾಗ ಪಿಸ್ಟನ್‌ಗಳು ಸವೆದಿದ್ದವು, ಬ್ಲಾಕಿಗೆ ಬೋರ್ ಹಾಕಿಸಬೇಕಿತ್ತು. ಹಗರಿಬೊಮ್ಮನಹಳ್ಳಿ ಕೃಷಿಯ ಪಟ್ಟಣ, ಟ್ರ್ಯಾಕ್ಟರ್ ಹೆಚ್ಚು. ಟ್ರ್ಯಾಕ್ಟರ್ ಇದ್ದಲ್ಲಿ ಲೇತ್ ಇದ್ದೇ ಇರುತ್ತದೆ. ಬ್ಲಾಕನ್ನು ಗೋಣಿಚೀಲದಲ್ಲಿ ಸುತ್ತಿ ಲಗೇಜ್ ಆಟೋದಲ್ಲಿ ಒಯ್ದೆವು. ಪಿಸ್ಟನ್, ರಾಡುಗಳ ಚೀಲ ನನ್ನ ತೊಡೆಯ ಮೇಲೆ.

ಲೇತಿನ ಮಾಲೀಕರು ಬಡಿಗೇರ ಮನೆತನದವರು. ಅವರ ತಾತ ನೇಗಿಲು, ಬಂಡಿ ಮಾಡುತ್ತಿದ್ದರಂತೆ. ತಂದೆ ಬಂಡಿಯ ಅಚ್ಚಿನಿಂದ ಪಂಪ್‌ಸೆಟ್ಟಿಗೆ ಬಂದರು, ಇವರು ಟ್ರ್ಯಾಕ್ಟರಿಗೆ. ಕಾಂಟೆಸ್ಸಾ ಬ್ಲಾಕ್ ನೋಡದೆ ಎಷ್ಟೋ ವರ್ಷಗಳಾಗಿದ್ದವು ಎಂದರು. ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಸಿಲಿಂಡರಿನ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳತೆ ತೆಗೆಸಿದರು. "ಪಿಸ್ಟನ್ ಕೈಗೆ ಬರೋತನಕ ನಾನು ಬೋರ್ ಹಾಕಂಗಿಲ್ಲ. ಅಂಗಡಿಯವ ಫೋನಿನಾಗೆ ಹೇಳಿದ ಸೈಜು ಬ್ಯಾರೆ, ಬರೋ ಸೈಜು ಬ್ಯಾರೆ ಆದ್ರ ನಿಮ್ಮ ಬ್ಲಾಕ್ ಕೆಡ್ತತಿ" ಎಂದರು. ಹಣ ಇಲ್ಲದವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಪಿಸ್ಟನ್ ಬರಲು ಮೂರು ವಾರ ಹಿಡಿಯಿತು.

ಕಾಯುವ ಒಂದು ದಿನ ಅಂಕಸಮುದ್ರದ ಕೆರೆಗೆ ಹೋಗಿಬಂದೆವು. ಹಕ್ಕಿಗಳಿಗಾಗಿ ಕಾಯ್ದಿಟ್ಟ ಈ ಕೆರೆಗೆ 2024ರಲ್ಲಿ ಅಂತಾರಾಷ್ಟ್ರೀಯ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿದೆ. ನೀರಿನ ನಡುವೆ ಜಾಲಿ ಮರಗಳು, ಅವುಗಳ ಮೇಲೆ ಗೂಡುಗಳು. ಹುಡುಗ ಅಲ್ಲಿಯೂ ಪಿಸ್ಟನ್ ಮಾತೇ ಆಡುತ್ತಿದ್ದ.

ಹರಪನಹಳ್ಳಿ: ನಂಬರ್ ಪ್ಲೇಟಿನ ಚರಿತ್ರೆ

ಹರಪನಹಳ್ಳಿ ಪಾಳೆಯಗಾರರ ಕೋಟೆಯ ಊರು. ಹತ್ತಿರದ ಬಾಗಳಿಯಲ್ಲಿ ಸಾವಿರ ವರ್ಷದ ಹಿಂದಿನ ಕಲ್ಲೇಶ್ವರ ದೇವಾಲಯವಿದೆ. ಈ ತಾಲೂಕಿನ ಈಚಿನ ಚರಿತ್ರೆಯನ್ನು ಓದಲು ಶಾಸನ ಬೇಡ, ಬೀದಿಯ ಗಾಡಿಗಳ ನಂಬರ್ ಪ್ಲೇಟು ಸಾಕು. ಬಳ್ಳಾರಿಯದು ಕೆಎ 34, ಹೊಸಪೇಟೆಯದು ಕೆಎ 35, ದಾವಣಗೆರೆಯದು ಕೆಎ 17. ಹಿಂದೆ ಬಳ್ಳಾರಿಗೆ ಸೇರಿದ್ದ ಹರಪನಹಳ್ಳಿ 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಕಲ್ಯಾಣ ಕರ್ನಾಟಕಕ್ಕೆ ಸಿಕ್ಕ 371ಜೆ ಸೌಲಭ್ಯ ತಮಗೂ ಬೇಕೆಂದು ಜನ ಹೋರಾಡಿದ ಮೇಲೆ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರಕ್ಕೆ ಸೇರಿತು. ಒಂದೇ ಓಣಿಯಲ್ಲಿ ಮೂರೂ ನಂಬರಿನ ಗಾಡಿಗಳು ನಿಂತಿರುತ್ತವೆ.

ಇಲ್ಲಿನ ಒಂದು ಗುಜರಿಯಲ್ಲಿ ಕೆಎ 17ರ ಹಳೆಯ ಅಂಬಾಸಿಡರ್ ಟ್ಯಾಕ್ಸಿ ಬಿದ್ದಿರುವ ಸುದ್ದಿಯನ್ನು ನಮ್ಮ ಹಿರಿಯ ಮಗಳ ಗಂಡನೇ ತಂದ. ಅಂಬಾಸಿಡರಿಗೂ 1990ರ ದಶಕದಲ್ಲಿ ಇದೇ ಇಸುಝು 1.8 ಎಂಜಿನ್ ಹಾಕಿದ ಮಾಡೆಲ್ ಬಂದಿತ್ತು. ಅಂಬಾಸಿಡರ್ ತಯಾರಿಕೆ 2014ರವರೆಗೂ ನಡೆದದ್ದರಿಂದ ಅದರ ಸಾಮಾನು ಇನ್ನೂ ಅಲ್ಲಲ್ಲಿ ಸಿಗುತ್ತದೆ. ಕಾಂಟೆಸ್ಸಾ ಹೆಸರು ಹೇಳಿದರೆ ಅಂಗಡಿಯವರು ಬೆಲೆ ಏರಿಸುತ್ತಾರೆ, ಅಂಬಾಸಿಡರ್ ಎಂದರೆ ಇಳಿಸುತ್ತಾರೆ ಎಂದು ಉಸ್ತಾದರು ಮೊದಲೇ ಎಚ್ಚರಿಸಿದ್ದರು. ನಮ್ಮ ಹಳೆಯ ವಾಟರ್ ಪಂಪ್, ಡಿಸ್ಟ್ರಿಬ್ಯೂಟರ್ ಜೊತೆಗೆ ಒಯ್ದು, ಪಕ್ಕಪಕ್ಕ ಇಟ್ಟು ಅಳೆದು ನೋಡಿಯೇ ಹಣ ಕೊಟ್ಟೆವು.

ಗುಜರಿಯವರು ಇಡೀ ಎಂಜಿನ್ನನ್ನೇ ಕೊಡಲು ಮುಂದಾದರು. ಬೋರ್ ಹಾಕಿಸುವುದಕ್ಕಿಂತ ಅಗ್ಗ. ಆದರೆ ಎಂಜಿನ್ ನಂಬರು ನೋಂದಣಿ ಪತ್ರದಲ್ಲಿ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಕಂಪೆನಿಯ ಮೂಲ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಎಂಜಿನ್ ಬದಲಿಸಲು ಆರ್‌ಟಿಓ ಅನುಮತಿ ಬೇಕು. ಅಗಲ ಟೈರು, ಗುಡುಗುವ ಸೈಲೆನ್ಸರಿನ ಆಸೆಯೂ ಅಲ್ಲಿಗೇ ನಿಂತಿತು. ಬಿಡಿಭಾಗ ತಂದೆವು, ಬ್ಲಾಕ್ ನಮ್ಮದೇ ಉಳಿಯಿತು.

ಹಡಗಲಿ: ತಗಡು, ಪುಟ್ಟಿ ಮತ್ತು ಮಲ್ಲಿಗೆ

ಹೂವಿನ ಹಡಗಲಿಗೆ ಮಲ್ಲಿಗೆಯ ಹೆಸರು. ಇಲ್ಲಿನ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಮೈಲಾರದ ಕಾರಣಿಕ ಕೇಳಲು ಲಕ್ಷಾಂತರ ಜನ ಸೇರುವುದೂ ಇದೇ ತಾಲೂಕಿನಲ್ಲಿ. ಅಷ್ಟು ಹೊತ್ತಿಗೆ ಕಾರು ತನ್ನ ಕಾಲ ಮೇಲೆ ಓಡುತ್ತಿತ್ತು. ಇಲ್ಲಿಗೆ ಬರುವಾಗ ಮಾತ್ರ ಅದನ್ನು ಇನ್ನೊಂದು ಗಾಡಿಗೆ ಹೇರಿ ತಂದೆವು, ತಳದ ತಗಡು ಅಷ್ಟು ಸವೆದಿತ್ತು.

ಟಿಂಕರಿಂಗ್ ಕೆಲಸದವರು ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಬಾಗಿಲುಗಳ ಮೇಲೆ ಓಡಿಸಿದರು. ಅಂಟಿದಲ್ಲಿ ಕಬ್ಬಿಣ, ಜಾರಿದಲ್ಲಿ ಪುಟ್ಟಿ. ಹಳೆ ಕಾರು ಕೊಳ್ಳುವವರು ಕಲಿಯಬೇಕಾದ ಪರೀಕ್ಷೆ ಇದು, ಖರ್ಚು ಹತ್ತು ರೂಪಾಯಿ. ಚಾಲಕನ ಕಾಲಡಿಯ ತಗಡು ತೂತಾಗಿತ್ತು. ಅಲ್ಲಿ ಪುಟ್ಟಿ ಮೆತ್ತಿ ಮ್ಯಾಟ್ ಹಾಸಿದರೆ ಕಾಣುವುದಿಲ್ಲ. ಅವರು ಹಾಗೆ ಮಾಡಲಿಲ್ಲ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆದರು. ಬಣ್ಣಕ್ಕೆ ಎಷ್ಟಾಗುತ್ತದೆಂದು ಕೇಳಿದೆವು. ಒಪ್ಪವಾಗಿ ಮಾಡಬೇಕಾದರೆ 45,000 ಎಂದರು. ನನ್ನ ಪುಸ್ತಕದಲ್ಲಿ ಅಷ್ಟಿರಲಿಲ್ಲ. ಬೆಸೆದ ಜಾಗಕ್ಕೆ ತುಕ್ಕು ಹಿಡಿಯದಂತೆ ಪ್ರೈಮರ್ ಹೊಡೆಸಿ ಹೊರಟೆವು.

ಲೆಕ್ಕದ ಪುಸ್ತಕ

ಇಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರಿಂದ 5,000 ರೂಪಾಯಿ ಇತ್ತು. 2025ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಿತು. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರಿಂದ ಪ್ರತ್ಯೇಕ ನಿಯಮವಿದೆ. ಆದರೆ ಕಾಂಟೆಸ್ಸಾಗಳಲ್ಲಿ ಮೊದಲನೆಯದಕ್ಕೂ ಐವತ್ತು ತುಂಬುವುದು 2034ಕ್ಕೆ.

ಓದುಗರ ಉಪಯೋಗಕ್ಕೆ ಲೆಕ್ಕ ಇಲ್ಲಿದೆ. ವಾರಸುದಾರರ ಪಾಲು 15,750. ಬ್ರೇಕು, ಸ್ಟೇರಿಂಗು 14,000. ಟೈರು 16,000. ಎಂಜಿನ್ನಿಗೆ 38,000. ರೇಡಿಯೇಟರ್, ಪೆಟ್ರೋಲ್ ಟ್ಯಾಂಕು, ರಬ್ಬರ್ ಪೈಪುಗಳು 7,500. ಬ್ಯಾಟರಿ, ವೈರಿಂಗ್ 11,000. ತಗಡು 18,000. ನವೀಕರಣ, ತೆರಿಗೆ, ವಿಮೆ ಸೇರಿ 21,500. ಒಟ್ಟು 1,41,750. ಉಳಿದದ್ದು 8,250. ರಬ್ಬರ್ ಪೈಪುಗಳನ್ನು ಬದಲಿಸಲೇಬೇಕಾಯಿತು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಅದು ನೀರಿನ ಪಸೆಯನ್ನೂ ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕು ಬೇಗ ತುಕ್ಕು ಹಿಡಿಯುತ್ತದೆ.

2026ರ ಆರಂಭದಲ್ಲಿ, ಅವಧಿ ಮುಗಿಯುವ ಮುನ್ನ, ಕಾರು ಹೊಸಪೇಟೆಯ ಆರ್‌ಟಿಓ ಕಚೇರಿಗೆ ಓಡಿಕೊಂಡೇ ಹೋಯಿತು. ಚಾಸಿ ನಂಬರು, ದೀಪ, ಬ್ರೇಕು, ಹೊಗೆ ಎಲ್ಲ ನೋಡಿ ಐದು ವರ್ಷಕ್ಕೆ ಒಪ್ಪಿಗೆ ಕೊಟ್ಟರು.

ಇದನ್ನೆಲ್ಲ ಓದಿ ಹಳೆ ಕಾರು ಕೊಳ್ಳಲು ಯಾರೂ ಹೊರಡಬೇಕಾಗಿಲ್ಲ. ಇದೇ ಹಣಕ್ಕೆ ಹೆಚ್ಚು ಮೈಲೇಜು ಕೊಡುವ ಹಳೆಯ ಸಣ್ಣ ಕಾರು ಸಿಗುತ್ತಿತ್ತು. ಆದರೆ ನಿಮ್ಮ ಮನೆಯಂಗಳದಲ್ಲೂ ಹಿರಿಯರು ಬಿಟ್ಟುಹೋದ ಗಾಡಿ ನಿಂತಿದ್ದರೆ, ಗುಜರಿಯವರನ್ನು ಕರೆಯುವ ಮೊದಲು ಮೂರು ವಿಷಯ ಕೇಳಿಕೊಳ್ಳಿ. ಅದರಲ್ಲಿ ಯಾರ ಯಾರ ಪಾಲಿದೆ? ಕಾಗದಪತ್ರಗಳಿಗೆ ಇನ್ನೂ ಜೀವವಿದೆಯೇ? ಅದನ್ನು ಬಲ್ಲ ಕೈ ನಿಮ್ಮ ಸುತ್ತಲಿನ ಊರುಗಳಲ್ಲಿ ಇದೆಯೇ? ಮೂರಕ್ಕೂ ಉತ್ತರ ಸಿಕ್ಕಿದರೆ ಮುಂದಿನದನ್ನು ಯೋಚಿಸಬಹುದು. ಮೂರನೆಯದಕ್ಕೆ ಉತ್ತರ ಹೇಳುವ ಹಿರಿಯರು ನಮ್ಮ ಸಣ್ಣ ಊರುಗಳಲ್ಲಿ ಇನ್ನೂ ಇದ್ದಾರೆ. ನಮ್ಮ ಹುಡುಗ ಈಗ ವಾರಕ್ಕೆ ಎರಡು ದಿನ ಕೊಟ್ಟೂರಿಗೆ ಹೋಗುತ್ತಾನೆ, ಉಸ್ತಾದರ ಬಳಿ ಕಾರ್ಬುರೇಟರ್ ಕೆಲಸ ಕಲಿಯಲು. ಕಾಂಟೆಸ್ಸಾಕ್ಕೆ ಬಣ್ಣ ಇನ್ನೂ ಆಗಿಲ್ಲ.